ಮೊಬೈಲಿನಲ್ಲಿ ಕೆಲಸದ ಪಟ್ಟಿ: ಒಕ್ಕಲು ಮನೆಗೆ ಯಾವುದು, ಸಂಘಕ್ಕೆ ಯಾವುದು?

ಬೇಸಾಯದಲ್ಲಿ ನಷ್ಟ ಬರುವುದು ಯಾವಾಗಲೂ ಮಳೆಯಿಂದಲೋ ರೋಗದಿಂದಲೋ ಧಾರಣೆಯಿಂದಲೋ ಅಲ್ಲ. ಮಾಡಬೇಕಾದ ಕೆಲಸ ಗೊತ್ತಿದ್ದೂ ಮಾಡುವ ದಿನ ತಪ್ಪಿಹೋಗಿ ಬರುವ ನಷ್ಟ ಅದಕ್ಕಿಂತ ಕಡಿಮೆಯದಲ್ಲ. ಆಲೂಗೆಡ್ಡೆಗೆ ಔಷಧ ಹೊಡೆಯುವುದು ನಾಲ್ಕು ದಿನ ತಡವಾದರೆ ಅಂಗಮಾರಿ ಹೊಲಕ್ಕೆ ಕಾಲಿಡುತ್ತದೆ. ಸಹಕಾರ ಸಂಘದ ಸಾಲ ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಬೆದೆಗೆ ಬಂದ ಹಸುವನ್ನು ಗಮನಿಸದೆ ಬಿಟ್ಟರೆ ಮತ್ತೆ 21 ದಿನ ಕಾಯಬೇಕು. ಇವೆಲ್ಲ ತಿಳಿವಳಿಕೆಯ ಕೊರತೆಯಿಂದ ಆಗುವುದಲ್ಲ, ನೆನಪಿನ ಕೊರತೆಯಿಂದ ಆಗುವುದು.

ಹಿಂದೆ ಇದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಉಳುಮೆ, ಬಿತ್ತನೆ ನಡೆಯುತ್ತಿತ್ತು. ಕೆರೆಯ ನೀರಿನ ಸರದಿಯನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಮನೆಯ ಕೆಲಸಗಳೆಲ್ಲ ಯಜಮಾನನ ತಲೆಯಲ್ಲಿ ಇರುತ್ತಿದ್ದವು. ಬೆಳಗ್ಗೆ ಎದ್ದು ಯಾರು ಯಾವ ಕಡೆ ಹೋಗಬೇಕೆಂದು ಅವನು ಹೇಳಿದರೆ ಸಾಕಿತ್ತು.

ಈಗ ಆ ಲೆಕ್ಕ ಸಾಲದಾಗಿದೆ. ಒಂದೇ ಮನೆಯಲ್ಲಿ ಆಲೂಗೆಡ್ಡೆ, ಶುಂಠಿ, ತೆಂಗು, ಹಸು ಎಲ್ಲವೂ ಇರುತ್ತವೆ. ಅಣ್ಣ ಊರಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. ಇವುಗಳ ಮೇಲೆ ಆಧಾರ್ ಜೋಡಣೆ, ಬೆಳೆ ವಿಮೆ, ನೋಂದಣಿ ಮೊದಲಾದ ಕಾಗದ ಪತ್ರದ ಕೆಲಸಗಳಿಗೆ ಬೇರೆ ಬೇರೆ ಕಡೆಯ ದಿನಗಳು. ಇಷ್ಟನ್ನೂ ಒಬ್ಬರ ತಲೆ ಹಿಡಿದಿಡುವುದು ಕಷ್ಟ. ಕೈಯಲ್ಲಿರುವ ಮೊಬೈಲನ್ನೇ ಈ ಕೆಲಸಕ್ಕೆ ಹಚ್ಚಬಹುದು. ಮಾಡಬೇಕಾದ ಕೆಲಸಗಳ ಪಟ್ಟಿ ಇಟ್ಟುಕೊಂಡು, ದಿನ ಬಂದಾಗ ಗಂಟೆ ಹೊಡೆದು ನೆನಪಿಸುವ ಆ್ಯಪ್‌ಗಳು ಹಲವಾರು ಇವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಒಬ್ಬರ ಕೆಲಸಕ್ಕೆ ಯಾವುದು, ಹತ್ತು ಜನರ ಕೆಲಸಕ್ಕೆ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಿನ ತಪ್ಪಿದರೆ ಆಗುವ ನಷ್ಟ

ಮೊದಲಿಗೆ ನಮ್ಮ ತಾಲ್ಲೂಕುಗಳ ಕೆಲಸಗಳನ್ನೇ ನೋಡೋಣ. ಆ್ಯಪ್ ಯಾವುದೆಂದು ತೀರ್ಮಾನಿಸಬೇಕಾದ್ದು ಕೆಲಸದ ಸ್ವರೂಪ ನೋಡಿ, ಜಾಹೀರಾತು ನೋಡಿ ಅಲ್ಲ.

ಹಾಸನ ತಾಲ್ಲೂಕಿನಲ್ಲಿ ಮುಂಗಾರು ಆಲೂಗೆಡ್ಡೆಯ ಬಿತ್ತನೆ ಮೇ–ಜೂನ್ ತಿಂಗಳಲ್ಲಿ ನಡೆಯುತ್ತದೆ. ಬಿತ್ತನೆ ಗೆಡ್ಡೆ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಬಂದು ಹಾಸನದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆ. ಗೆಡ್ಡೆ ತಂದು ನೆರಳಿನಲ್ಲಿ ಹರಡುವುದು, ಕೊಳೆತದ್ದನ್ನು ಆರಿಸಿ ತೆಗೆಯುವುದು, ಕತ್ತರಿಸಿದ ಹೋಳುಗಳಿಗೆ ಬೀಜೋಪಚಾರ ಮಾಡುವುದು, ಸುಮಾರು ಒಂದು ತಿಂಗಳಿಗೆ ಮಣ್ಣು ಏರುಹಾಕುವುದು, ರೋಗ ಕಾಣುವ ಮುನ್ನವೇ ಸಿಂಪಡಣೆ ಮಾಡುವುದು, ಇವೆಲ್ಲ ಒಂದರ ಹಿಂದೆ ಒಂದು ಬರುವ ಕೆಲಸಗಳು. ಮೋಡ ಕವಿದು ತಂಪಾಗಿ, ಎಲೆಯ ಮೇಲೆ ನೀರು ನಿಂತ ವಾತಾವರಣದಲ್ಲಿ ಅಂಗಮಾರಿ ಕೆಲವೇ ದಿನಗಳಲ್ಲಿ ಹೊಲವನ್ನೆಲ್ಲ ಸುಟ್ಟಂತೆ ಮಾಡುತ್ತದೆ. 1845ರಲ್ಲಿ ಐರ್ಲೆಂಡ್ ದೇಶದಲ್ಲಿ ಶುರುವಾದ ಮಹಾ ಕ್ಷಾಮಕ್ಕೆ ಕಾರಣವಾದದ್ದು ಇದೇ ರೋಗ. ಇದರ ಕಾಟದಿಂದ ನಮ್ಮ ಜಿಲ್ಲೆಯಲ್ಲೂ ಎಷ್ಟೋ ಮಂದಿ ಆಲೂಗೆಡ್ಡೆ ಬಿಟ್ಟು ಮೆಕ್ಕೆಜೋಳ, ಶುಂಠಿಯ ಕಡೆ ಹೊರಳಿದ್ದಾರೆ.

ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆ ತಂಬಾಕು ಮಂಡಳಿಯ ಪರವಾನಗಿ, ಬ್ಯಾರನ್ನಿನ ದುರಸ್ತಿ, ಸೌದೆಯ ದಾಸ್ತಾನು, ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬೇಲು ಒಯ್ಯುವ ದಿನ, ಹೀಗೆ ಒಂದಲ್ಲ ಒಂದು ದಿನದ ಲೆಕ್ಕ ಇದ್ದೇ ಇರುತ್ತದೆ. ಸೊಪ್ಪು ಬೇಯಿಸುವಾಗ ಹಗಲು ರಾತ್ರಿ ಶಾಖ ನೋಡುತ್ತಿರಬೇಕು. ರಾತ್ರಿ ಪಾಳಿ ಯಾರದು ಎಂಬುದರಲ್ಲಿ ಗೊಂದಲವಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆಯೂ ಬೀಳುತ್ತದೆ.

ಹೊಳೆನರಸೀಪುರ ತಾಲ್ಲೂಕಿನ ನಾಲೆ ಬಯಲಿನಲ್ಲಿ ಭತ್ತದ ಸಸಿಮಡಿ, ನಾಟಿ, ನೀರಿನ ಸರದಿ ಮುಖ್ಯ. ಗೊರೂರಿನ ಹೇಮಾವತಿ ಜಲಾಶಯದಿಂದ ನಾಲೆಗೆ ನೀರು ಬಿಡುವ ದಿನ ತಿಳಿದ ಮೇಲೆ ಎಲ್ಲರ ನಾಟಿಯೂ ಒಟ್ಟಿಗೇ ಬರುತ್ತದೆ. ಆಗ ಆಳಿಗೆ ಪರದಾಟ. ಮುಯ್ಯಾಳಿನ ಲೆಕ್ಕ ತಪ್ಪಿದರೆ ಕೆಲಸವೂ ಕೆಡುತ್ತದೆ, ನೆರೆಹೊರೆಯ ಮನಸ್ಸೂ ಕೆಡುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕು ತೆಂಗು, ರಾಗಿ, ಹಾಲಿನ ಸೀಮೆ. ಅಲ್ಲಿ ಕಾಯಿ ಕೀಳಿಸುವುದು, ಮರದ ಬುಡಕ್ಕೆ ಗೊಬ್ಬರ ಕೊಡುವುದು, ಕೊಬ್ಬರಿ ಖರೀದಿಗೆ ಹೆಸರು ನೋಂದಾಯಿಸುವುದು ದಿನ ನೋಡಿ ಮಾಡುವ ಕೆಲಸಗಳು. 2024ರಲ್ಲಿ ಬೆಂಬಲ ಬೆಲೆಯ ಉಂಡೆ ಕೊಬ್ಬರಿ ಖರೀದಿಗೆ ನೋಂದಣಿ ತೆರೆದಾಗ ರೈತರು ಸಾಲುಗಟ್ಟಿ ನಿಂತದ್ದನ್ನು ಈ ಭಾಗದವರು ಮರೆತಿಲ್ಲ. ಅಂಥ ಸಮಯದಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಸಿದ್ಧವಾಗಿ ಇಟ್ಟುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆಯೇ.

ನಾಲ್ಕು ತಾಲ್ಲೂಕಿಗೂ ಸಮಾನವಾದ ಕೆಲಸಗಳು ಬೇರೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ನೇ ಸಾಲಿನ ರಾಜ್ಯ ಮುಂಗಡ ಪತ್ರದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಈ ಸೌಲಭ್ಯ ಗಡುವಿನೊಳಗೆ ಮರುಪಾವತಿ ಮಾಡುವವರಿಗೆ ಮಾತ್ರ. ಬೆಳೆ ವಿಮೆಯ ಕಂತು ಕಟ್ಟಲು ಬೆಳೆಗೊಂದು ಕಡೆಯ ದಿನವಿರುತ್ತದೆ. ವಿಮೆ ಮಾಡಿಸಿದ ಬೆಳೆ ಆಲಿಕಲ್ಲು, ಜಲಾವೃತದಂಥ ಸ್ಥಳೀಯ ವಿಕೋಪಕ್ಕೆ ಸಿಕ್ಕಿದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ.

ಮೊದಲು ಕಾಗದ, ಆಮೇಲೆ ಮೊಬೈಲ್

ಆ್ಯಪ್ ಹಾಕಿಕೊಳ್ಳುವ ಮುನ್ನ ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಮುಂದಿನ ಮೂರು ತಿಂಗಳ ಕೆಲಸಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯುವುದು ಒಳ್ಳೆಯದು. ಪ್ರತಿ ಕೆಲಸಕ್ಕೂ ನಾಲ್ಕು ಅಂಶಗಳು ಬೇಕು: ಏನು, ಎಲ್ಲಿ, ಯಾವ ತಾರೀಖಿಗೆ, ಯಾರು.

‘ಆಲೂಗೆಡ್ಡೆಗೆ ಔಷಧ’ ಎಂದಷ್ಟೇ ಬರೆದರೆ ಅದು ಕೆಲಸವಲ್ಲ, ಬರೀ ಆಲೋಚನೆ. ‘ಕೆರೆ ಹಿಂದಿನ ಹೊಲದ ಆಲೂಗೆಡ್ಡೆಗೆ ಮೊದಲ ಸಿಂಪಡಣೆ, ಜೂನ್ 17, ತಮ್ಮ’ ಎಂದು ಬರೆದರೆ ಅದು ಕೆಲಸ. ಹೀಗೆ ಬರೆಯಲು ಬರದಿದ್ದರೆ ಎಂಥ ಆ್ಯಪ್ ಹಾಕಿಕೊಂಡರೂ ಪ್ರಯೋಜನವಿಲ್ಲ. ಹೀಗೆ ಬರೆಯುವುದು ರೂಢಿಯಾದರೆ ಸಾಧಾರಣ ಆ್ಯಪ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ.

ಬರೆದ ಕೆಲಸಗಳನ್ನು ಮೂರು ಗುಂಪು ಮಾಡಿರಿ. ನೀವೊಬ್ಬರೇ ಮಾಡುವುದು ಒಂದು. ಮನೆಯವರು ಹಂಚಿಕೊಂಡು ಮಾಡುವುದು ಇನ್ನೊಂದು. ಸಂಘ ಅಥವಾ ನೆರೆಹೊರೆಯವರು ಸೇರಿ ಮಾಡುವುದು ಮೂರನೆಯದು. ಈ ಮೂರಕ್ಕೂ ಒಂದೇ ಆ್ಯಪ್ ಸರಿಹೋಗಲೇಬೇಕೆಂದಿಲ್ಲ.

ಒಬ್ಬರೇ ಬಳಸುವ ಪಟ್ಟಿ

ಒಬ್ಬರೇ ಬಳಸುವುದಾದರೆ ಬೇಕಾದ್ದು ಎರಡೇ ಗುಣ. ಬರೆಯುವುದು ಸುಲಭವಾಗಿರಬೇಕು, ಸರಿಯಾದ ಹೊತ್ತಿಗೆ ನೆನಪಿಸಬೇಕು.

ಇದಕ್ಕೆ ಗೂಗಲ್ ಟಾಸ್ಕ್ಸ್ ಎಂಬ ಆ್ಯಪ್ ಸಾಕು. ಇದು ಉಚಿತ. ಆಂಡ್ರಾಯ್ಡ್ ಮೊಬೈಲಿಗೆ ಹೇಗೂ ಗೂಗಲ್ ಖಾತೆ ಇದ್ದೇ ಇರುವುದರಿಂದ ಹೊಸ ಖಾತೆ ಬೇಕಿಲ್ಲ. ಕೆಲಸ ಬರೆದು ತಾರೀಖು, ವೇಳೆ ಗೊತ್ತು ಮಾಡಿದರೆ ಆ ಹೊತ್ತಿಗೆ ನೆನಪಿಸುತ್ತದೆ. ಮತ್ತೆ ಮತ್ತೆ ಬರುವ ಕೆಲಸಕ್ಕೆ ಇಷ್ಟು ದಿನಕ್ಕೊಮ್ಮೆ ಎಂದು ಗೊತ್ತುಮಾಡಬಹುದು. ತೆಂಗಿನ ಕಾಯಿ ಕೀಳಿಸುವುದನ್ನು 45 ದಿನಕ್ಕೊಮ್ಮೆ ಎಂದು ಒಂದು ಸಲ ಬರೆದರೆ ವರ್ಷವಿಡೀ ನೆನಪಿಸುತ್ತಿರುತ್ತದೆ. ಮರ ಹತ್ತುವವರು ಸಿಗದೆ ಕೊಯ್ಲು ಹತ್ತು ದಿನ ಮುಂದಕ್ಕೆ ಹೋದರೆ ಮುಂದಿನ ತಾರೀಖನ್ನು ನೀವೇ ತಿದ್ದಿಕೊಳ್ಳಬೇಕು. ಈ ಆ್ಯಪ್‌ನ ಕೊರತೆ ಎಂದರೆ ಪಟ್ಟಿಯನ್ನು ಮನೆಯ ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಅನುಕೂಲವಿಲ್ಲ. ಇದು ಒಬ್ಬರದೇ ಚೀಟಿ.

ಮೈಕ್ರೋಸಾಫ್ಟ್ ಟು ಡು ಎಂಬುದು ಇನ್ನೊಂದು. ಇದೂ ಉಚಿತ. ಇದರಲ್ಲಿ ಇಂದಿನ ಕೆಲಸಗಳಿಗೆಂದೇ ಒಂದು ಪುಟವಿದೆ. ದಿನ ಬೆಳಗಾದರೆ ಅದು ಖಾಲಿಯಾಗುತ್ತದೆ, ಅಂದಿನ ಕೆಲಸಗಳನ್ನು ಪಟ್ಟಿಯಿಂದ ಆರಿಸಿ ಹಾಕಿಕೊಳ್ಳಬೇಕು. ಬೆಳಗ್ಗೆ ಹಾಲು ಹಾಕಿ ಬಂದು ಐದು ನಿಮಿಷ ಇದಕ್ಕೆ ಕೊಟ್ಟರೆ ಆ ದಿನದ ಕೆಲಸಗಳು ಕಣ್ಣಮುಂದೆ ಇರುತ್ತವೆ. ಬಳಸಲು ಮೈಕ್ರೋಸಾಫ್ಟ್ ಖಾತೆ ತೆರೆಯಬೇಕು ಎಂಬುದಷ್ಟೇ ಹೆಚ್ಚಿನ ಕೆಲಸ.

ಹಸು ಕಟ್ಟಿದವರಿಗೆ ಒಂದು ಉದಾಹರಣೆ ಕೊಡಬಹುದು. ಜೂನ್ 1ರಂದು ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದಿರಿ ಎನ್ನೋಣ. ಅಂದೇ ಪಟ್ಟಿಯಲ್ಲಿ ಈ ನಾಲ್ಕು ಸಾಲುಗಳನ್ನು ಬರೆದಿಡಿ:

ಜೂನ್ 19ರಿಂದ 22: ಮತ್ತೆ ಬೆದೆ ಬಂದಿತೇ ಎಂದು ಬೆಳಗ್ಗೆ ಸಂಜೆ ನೋಡುವುದು.
ಆಗಸ್ಟ್ 30: 90 ದಿನ, ಗಬ್ಬದ ಪರೀಕ್ಷೆ ಮಾಡಿಸುವುದು.
ಜನವರಿ 7: 220 ದಿನ, ಹಾಲು ಬತ್ತಿಸಲು ಶುರುಮಾಡುವುದು.
ಮಾರ್ಚ್ 8ರ ಆಸುಪಾಸು: 280 ದಿನ, ಕರು ಹಾಕುವ ಸಮಯ, ರಾತ್ರಿ ಗಮನವಿರಲಿ.

ಬರೆಯಲು ಐದು ನಿಮಿಷ ಸಾಕು. ಗಬ್ಬ ನಿಂತಿಲ್ಲವೆಂಬುದು ಮೂರು ನಾಲ್ಕು ತಿಂಗಳ ಮೇಲೆ ತಿಳಿದರೆ ಅಷ್ಟು ದಿನದ ಮೇವು, ಹಿಂಡಿ ದಂಡ. ಕಾಲುಬಾಯಿ ಜ್ವರದ ಲಸಿಕೆಯನ್ನೂ ಆರು ತಿಂಗಳಿಗೊಮ್ಮೆ ಎಂದು ಇದೇ ಪಟ್ಟಿಗೆ ಸೇರಿಸಬಹುದು.

ಆಲೂಗೆಡ್ಡೆಗೂ ಹೀಗೆಯೇ. ಮೇ 20ರಂದು ಬಿತ್ತಿದರೆ ಜೂನ್ 19ಕ್ಕೆ 30 ದಿನ, ಆಗಸ್ಟ್ 18ಕ್ಕೆ 90 ದಿನ. ಮೊದಲ ಗಂಟೆಯನ್ನು ಮಣ್ಣು ಏರುಹಾಕುವ ದಿನಕ್ಕಲ್ಲ, ಅದಕ್ಕೂ ಐದು ದಿನ ಮೊದಲು ಇಡಬೇಕು. ಆಳು, ಗೊಬ್ಬರ, ಔಷಧ ಹೊಂದಿಸಿಕೊಳ್ಳಲು ಅಷ್ಟು ದಿನ ಬೇಕು. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ತೋಟಗಾರಿಕೆ ಇಲಾಖೆಯವರನ್ನು ಕೇಳಿ ಅದೇ ಸಾಲಿನ ಕೆಳಗೆ ಬರೆದಿಟ್ಟರೆ ಅಂಗಡಿಯ ಮುಂದೆ ನಿಂತು ಯೋಚಿಸುವುದು ತಪ್ಪುತ್ತದೆ.

ಮನೆಮಂದಿಯ ಪಟ್ಟಿ

ಇಲ್ಲಿ ಬೇಕಾದ ಗುಣ ಬೇರೆ. ಒಬ್ಬರು ಬರೆದದ್ದು ಎಲ್ಲರ ಮೊಬೈಲಿನಲ್ಲೂ ಕಾಣಬೇಕು. ಒಬ್ಬರು ಮುಗಿಸಿ ಗುರುತು ಹಾಕಿದರೆ ಉಳಿದವರಿಗೆ ತಿಳಿಯಬೇಕು.

ಇದಕ್ಕೆ ಗೂಗಲ್ ಕೀಪ್ ಸುಲಭವಾದದ್ದು. 2013ರಲ್ಲಿ ಬಂದ ಈ ಆ್ಯಪ್ ಉಚಿತ. ಚೌಕದ ಗುರುತುಗಳಿರುವ ಪಟ್ಟಿ ಮಾಡಿ, ಮನೆಯ ಇತರರ ಜಿಮೇಲ್ ವಿಳಾಸ ಸೇರಿಸಿದರೆ ಎಲ್ಲರೂ ಅದೇ ಪಟ್ಟಿಯನ್ನು ನೋಡಬಹುದು, ತಿದ್ದಬಹುದು. ಅತ್ತಿಗೆ ಊರಿನಲ್ಲಿ ‘ಹಿಂಡಿ ಮುಗಿದಿದೆ, ಎರಡು ಮೂಟೆ’ ಎಂದು ಸೇರಿಸಿದರೆ ಹಾಸನದ ಪೇಟೆಯಲ್ಲಿರುವ ಮೈದುನನಿಗೆ ಅಲ್ಲಿಯೇ ಕಾಣುತ್ತದೆ. ಔಷಧದ ಡಬ್ಬಿಯ ಚಿತ್ರವನ್ನೂ ಸೇರಿಸಬಹುದು. ಹೆಸರು ಗೊತ್ತಿಲ್ಲದವರು ಚಿತ್ರ ತೋರಿಸಿ ಅದನ್ನೇ ತರಬಹುದು. ಜಮೀನಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ಬರೆಯಬಹುದು, ಸಿಗ್ನಲ್ ಸಿಕ್ಕಾಗ ಉಳಿದವರಿಗೆ ತಲುಪುತ್ತದೆ.

ಒಂದು ಮಾತು ಗಮನದಲ್ಲಿರಲಿ. ಹಂಚಿಕೊಂಡ ಪಟ್ಟಿಗೆ ನೀವು ಗಂಟೆ ಇಟ್ಟರೆ ಅದು ಹೊಡೆಯುವುದು ನಿಮ್ಮ ಮೊಬೈಲಿನಲ್ಲಿ ಮಾತ್ರ. ತಮ್ಮನಿಗೂ ಹೊಡೆಯಬೇಕಾದರೆ ತಮ್ಮನೇ ತನ್ನ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. ‘ಪಟ್ಟಿಯಲ್ಲಿ ಹಾಕಿದ್ದೆ, ಅವನಿಗೆ ಗೊತ್ತಾಗಿರುತ್ತದೆ’ ಎಂದುಕೊಂಡರೆ ಕೆಲಸ ಕೆಡುತ್ತದೆ.

ಕೆಲಸ ಯಾರದೆಂದು ಹೆಸರು ಹಾಕಬೇಕಾದರೆ ಮೈಕ್ರೋಸಾಫ್ಟ್ ಟು ಡು ಮೇಲು. ಅದರಲ್ಲಿ ಹಂಚಿಕೊಂಡ ಪಟ್ಟಿಯ ಪ್ರತಿ ಕೆಲಸವನ್ನೂ ಒಬ್ಬೊಬ್ಬರಿಗೆ ವಹಿಸಬಹುದು. ಬ್ಯಾರನ್ನಿನ ರಾತ್ರಿ ಪಾಳಿಗೆ ಇದು ತಕ್ಕದ್ದು. ಸೋಮವಾರ ಅಣ್ಣ, ಮಂಗಳವಾರ ತಮ್ಮ, ಬುಧವಾರ ಭಾವ ಎಂದು ಹಾಕಿಟ್ಟರೆ ಆಮೇಲೆ ವಾದಕ್ಕೆ ಜಾಗವಿರುವುದಿಲ್ಲ.

ಸಂಘದ ಕೆಲಸ, ನೆರೆಹೊರೆಯ ಕೆಲಸ

ಹಾಲು ಉತ್ಪಾದಕರ ಸಂಘ, ಸ್ತ್ರೀಶಕ್ತಿ ಸಂಘ, ನೀರು ಬಳಕೆದಾರರ ಸಂಘ, ರೈತ ಉತ್ಪಾದಕ ಕಂಪನಿ, ಹೀಗೆ ಹತ್ತಾರು ಜನ ಸೇರಿದ ಕಡೆ ಈಗ ವಾಟ್ಸ್ಆ್ಯಪ್ ಗುಂಪು ಇಲ್ಲದ ಊರಿಲ್ಲ. ಸುದ್ದಿ ಮುಟ್ಟಿಸಲು ಅದು ಒಳ್ಳೆಯ ಸಾಧನ. ಆದರೆ ಕೆಲಸದ ಪಟ್ಟಿಗೆ ಅದು ಸಾಲದು. ಬೆಳಗ್ಗೆ ಹಾಕಿದ ‘ಶುಕ್ರವಾರ ಲಸಿಕೆ’ ಎಂಬ ಸಂದೇಶ ಮಧ್ಯಾಹ್ನದ ಹೊತ್ತಿಗೆ ಶುಭೋದಯ, ಹುಟ್ಟುಹಬ್ಬ, ವಿಡಿಯೋಗಳ ಅಡಿಯಲ್ಲಿ ಮುಳುಗಿಹೋಗಿರುತ್ತದೆ. ನೋಡಿದವರು ಯಾರು, ಮಾಡುವವರು ಯಾರು ಎಂಬುದು ತಿಳಿಯುವುದಿಲ್ಲ. ಎಲ್ಲರಿಗೂ ಹೇಳಿದ ಕೆಲಸವನ್ನು ಒಬ್ಬರೂ ತಮ್ಮದೆಂದು ಎತ್ತಿಕೊಳ್ಳುವುದಿಲ್ಲ.

ಹಾಗೆಂದು ವಾಟ್ಸ್ಆ್ಯಪ್ ಬಿಡಬೇಕಾಗಿಲ್ಲ. ಎಲ್ಲರ ಬಳಿಯೂ ಇರುವುದು ಅದೊಂದೇ. 2023ರ ಕೊನೆಯಿಂದ ಅದರಲ್ಲಿ ಒಂದು ಸಂದೇಶವನ್ನು ಗುಂಪಿನ ನೆತ್ತಿಯ ಮೇಲೆ ನಿಲ್ಲಿಸಿಡುವ ಅನುಕೂಲ ಬಂದಿದೆ. 24 ಗಂಟೆ, 7 ದಿನ ಅಥವಾ 30 ದಿನ ಅದು ಅಲ್ಲೇ ಇರುತ್ತದೆ. ಸಂಘದ ಕಾರ್ಯದರ್ಶಿಗಳು ಪ್ರತಿ ಸೋಮವಾರ ಆ ವಾರದ ಕೆಲಸ, ತಾರೀಖು, ಜವಾಬ್ದಾರಿ ಹೊತ್ತವರ ಹೆಸರು ಬರೆದು ಒಂದೇ ಸಂದೇಶವಾಗಿ 7 ದಿನಕ್ಕೆ ನಿಲ್ಲಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಹರಟೆಗೆ ಬೇರೆ ಗುಂಪು, ಕೆಲಸಕ್ಕೆ ಬೇರೆ ಗುಂಪು ಮಾಡಿ, ಕೆಲಸದ ಗುಂಪಿನಲ್ಲಿ ಪದಾಧಿಕಾರಿಗಳು ಮಾತ್ರ ಬರೆಯುವಂತೆ ಮಾಡುವುದೂ ಉಂಟು.

ಕೆಲಸ ಹಂತ ಹಂತವಾಗಿ ಸಾಗುವಂಥದ್ದಾದರೆ ಟ್ರೆಲೊ ಎಂಬ ಆ್ಯಪ್ ನೋಡಬಹುದು. 2011ರಲ್ಲಿ ಬಂದ ಇದರಲ್ಲಿ ಗೋಡೆಯ ಹಲಗೆಯ ಮೇಲೆ ಚೀಟಿ ಅಂಟಿಸಿದಂತೆ ಕೆಲಸಗಳು ಕಾಣುತ್ತವೆ. ‘ಮಾಡಬೇಕು’, ‘ನಡೆಯುತ್ತಿದೆ’, ‘ಮುಗಿಯಿತು’ ಎಂದು ಮೂರು ಸಾಲು ಮಾಡಿ ಚೀಟಿಯನ್ನು ಒಂದರಿಂದ ಇನ್ನೊಂದಕ್ಕೆ ಸರಿಸಬಹುದು. ಗೊಬ್ಬರಕ್ಕೆ ಒಟ್ಟಾಗಿ ಬೇಡಿಕೆ ಸಲ್ಲಿಸುವುದು, ಲಾರಿ ಗೊತ್ತುಮಾಡುವುದು, ಹಣ ಸಂಗ್ರಹ, ಹಂಚಿಕೆ ಮೊದಲಾದ ಕೆಲಸಗಳಿರುವ ರೈತ ಉತ್ಪಾದಕ ಕಂಪನಿಯ ಕಚೇರಿಗೆ ಇದು ಒಪ್ಪುತ್ತದೆ. ಉಚಿತ ಬಳಕೆಯಲ್ಲಿ ಸೇರುವವರ ಸಂಖ್ಯೆಗೆ ಮಿತಿ ಉಂಟು. ಆದ್ದರಿಂದ ಇದು ನಾಲ್ಕೈದು ಪದಾಧಿಕಾರಿಗಳಿಗೆ ಸರಿ, ನೂರು ಜನ ಸದಸ್ಯರಿಗಲ್ಲ. ಟುಡೂಯಿಸ್ಟ್ ಎಂಬ ಆ್ಯಪ್ ಕೂಡ ಹೆಸರಾದದ್ದು. ಅದರಲ್ಲೂ ಉಚಿತ ಬಳಕೆಯ ಪಟ್ಟಿಗಳಿಗೆ ಮಿತಿ ಇದೆ, ಹೆಚ್ಚಿನದಕ್ಕೆ ಹಣ ಕೊಡಬೇಕು. ಉಚಿತವಾದದ್ದರಲ್ಲೇ ಕೆಲಸ ನಡೆಯುವಾಗ ಹಣ ಕೊಡುವ ಅಗತ್ಯ ಸಾಮಾನ್ಯ ಒಕ್ಕಲು ಮನೆಗೆ ಕಾಣುವುದಿಲ್ಲ.

ಮುಯ್ಯಾಳಿನ ಲೆಕ್ಕಕ್ಕೆ ಯಾವ ದೊಡ್ಡ ಆ್ಯಪ್ ಕೂಡ ಬೇಡ. ಆರು ಮನೆಯವರು ಸೇರಿ ಕೀಪ್‌ನಲ್ಲಿ ಒಂದು ಪಟ್ಟಿ ಮಾಡಿಕೊಂಡು, ಯಾರ ಗದ್ದೆಗೆ ಯಾವ ದಿನ ಎಷ್ಟು ಆಳು ಎಂದು ಬರೆಯುತ್ತಾ ಹೋದರೆ ಸಾಕು. ಎಲ್ಲರಿಗೂ ಕಾಣುವ ಲೆಕ್ಕದ ಬಗ್ಗೆ ಜಗಳ ಬರುವುದು ಅಪರೂಪ.

ಆರಿಸುವ ಮುನ್ನ ನೋಡಬೇಕಾದ ಅಂಶಗಳು

1. ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಮೊಬೈಲ್ ಬಳಸುವವರು ಯಾರೋ ಅವರಿಗೆ ಅದು ತೆರೆಯಲು ಬರುತ್ತದೆಯೇ? ಓದಿದ ಮಗನಿಗೆ ಸುಲಭವಾದದ್ದು ತಂದೆಗೆ ಬರದಿದ್ದರೆ ಅದು ಮನೆಯ ಪಟ್ಟಿಯಾಗದು.

2. ಕನ್ನಡದಲ್ಲಿ ಬರೆಯಲು ಆಗುತ್ತದೆಯೇ? ಮೇಲೆ ಹೇಳಿದ ಎಲ್ಲದರಲ್ಲೂ ಕನ್ನಡ ಅಕ್ಷರಗಳನ್ನು ಬರೆಯಬಹುದು. ಅಕ್ಷರ ಒತ್ತುವುದು ಕಷ್ಟವಾದವರು ಬಾಯಲ್ಲಿ ಹೇಳಿದರೂ ಆದೀತು. ಗೂಗಲ್ ಕೀಲಿಮಣೆಗೆ ಕನ್ನಡ ಮಾತು ಕೇಳಿ ಬರೆಯುವ ಅನುಕೂಲ 2017ರಲ್ಲೇ ಬಂದಿದೆ. ಹೇಳಿದ ಮೇಲೆ ತಾರೀಖು, ಪ್ರಮಾಣಗಳನ್ನು ಒಮ್ಮೆ ಓದಿ ನೋಡಬೇಕು. ಅಂಕಿ ತಪ್ಪಾದರೆ ಔಷಧವೂ ತಪ್ಪಾಗುತ್ತದೆ.

3. ಸಿಗ್ನಲ್ ಇಲ್ಲದ ಕಡೆ ಕೆಲಸ ಮಾಡುತ್ತದೆಯೇ? ಮೊಬೈಲಿನ ಡೇಟಾ ನಿಲ್ಲಿಸಿ, ಒಂದು ಸಾಲು ಬರೆದು ಪರೀಕ್ಷಿಸಿ.

4. ಗಂಟೆ ನಿಜವಾಗಿ ಹೊಡೆಯುತ್ತದೆಯೇ? ಹೊಸ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸೂಚನೆ ಕೊಡಲು ಆ್ಯಪ್‌ಗೆ ನಾವು ಅನುಮತಿ ಕೊಡಬೇಕು. ಬ್ಯಾಟರಿ ಉಳಿಸಲೆಂದು ಕೆಲವು ಮೊಬೈಲುಗಳು ಇಂಥ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಹತ್ತು ನಿಮಿಷದ ಮುಂದಕ್ಕೆ ಒಂದು ಸುಳ್ಳು ಕೆಲಸ ಇಟ್ಟು, ಮೊಬೈಲ್ ಜೇಬಿನಲ್ಲಿಟ್ಟು ನೋಡಿ. ಹೊಡೆಯದಿದ್ದರೆ ಸೆಟ್ಟಿಂಗ್ಸ್ ಸರಿಪಡಿಸಿಕೊಳ್ಳಬೇಕು.

5. ಮೊಬೈಲ್ ಒಡೆದರೆ ಅಥವಾ ಕಳೆದರೆ ಪಟ್ಟಿ ಉಳಿಯುತ್ತದೆಯೇ? ಖಾತೆಯ ಮೂಲಕ ಬಳಸುವ ಆ್ಯಪ್‌ಗಳಲ್ಲಿ ಹೊಸ ಮೊಬೈಲಿಗೆ ಅದೇ ಖಾತೆ ಹಾಕಿದರೆ ಪಟ್ಟಿ ಮರಳಿ ಬರುತ್ತದೆ. ಆದ್ದರಿಂದ ಖಾತೆಯ ವಿಳಾಸ ಮನೆಯಲ್ಲಿ ಇನ್ನೊಬ್ಬರಿಗೂ ತಿಳಿದಿರಲಿ.

ಎಚ್ಚರಿಕೆಯ ಮಾತುಗಳು

ಆ್ಯಪ್ ಹಾಕಿಕೊಳ್ಳುವುದು ಪ್ಲೇ ಸ್ಟೋರ್‌ನಿಂದ ಮಾತ್ರ ಆಗಬೇಕು. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಕಡತ ಒತ್ತಿ ಆ್ಯಪ್ ಹಾಕಿಕೊಳ್ಳಬಾರದು. ಸರ್ಕಾರದ ಯೋಜನೆಗಳ ಹೆಸರಿನಲ್ಲಿ ಹೀಗೆ ಕಡತ ಕಳಿಸಿ ಬ್ಯಾಂಕ್ ಖಾತೆಗೆ ಕೈ ಹಾಕುವ ವಂಚಕರಿದ್ದಾರೆ. ಕೆಲಸದ ಪಟ್ಟಿಯ ಆ್ಯಪ್‌ಗೆ ನಿಮ್ಮ ಎಸ್.ಎಂ.ಎಸ್. ಓದುವ ಅಗತ್ಯವಿಲ್ಲ. ಅಂಥ ಅನುಮತಿ ಕೇಳಿದರೆ ಕೊಡದಿರುವುದೇ ಲೇಸು.

ಬ್ಯಾಂಕಿನ ಗುಟ್ಟಿನ ಸಂಖ್ಯೆ, ಎ.ಟಿ.ಎಂ. ಪಿನ್, ಓ.ಟಿ.ಪಿ. ಮೊದಲಾದವನ್ನು ಪಟ್ಟಿಯಲ್ಲಿ ಬರೆಯಬಾರದು. ಹಂಚಿಕೊಂಡ ಪಟ್ಟಿಯಲ್ಲಂತೂ ಸರ್ವಥಾ ಕೂಡದು. ಸಂಘ ಬಿಟ್ಟುಹೋದವರ ಹೆಸರನ್ನು ಪಟ್ಟಿಯಿಂದಲೂ ತೆಗೆಯಬೇಕು.

ಆ್ಯಪ್‌ಗಳೂ ಶಾಶ್ವತವಲ್ಲ. ವಂಡರ್‌ಲಿಸ್ಟ್ ಎಂಬ ಜರ್ಮನಿಯ ಆ್ಯಪ್ ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2020ರ ಮೇ 6ರಂದು ಮುಚ್ಚಿತು. ಆ ಮುಂಚೆ ತಮ್ಮ ಪಟ್ಟಿಗಳನ್ನು ಹೊಸ ಆ್ಯಪ್‌ಗೆ ವರ್ಗಾಯಿಸಿಕೊಳ್ಳಲು ಬಳಕೆದಾರರಿಗೆ ಅವಕಾಶ ಕೊಡಲಾಗಿತ್ತು. ಗಮನಿಸಿದವರ ಪಟ್ಟಿ ಉಳಿಯಿತು. ಇದರಿಂದ ತಿಳಿಯಬೇಕಾದ್ದೆಂದರೆ, ಸಾಲದ ಗಡುವು, ವಿಮೆಯ ಕಡೆಯ ದಿನ, ಹಸುವಿನ ತಾರೀಖುಗಳಂಥ ಮುಖ್ಯವಾದವನ್ನು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಡಬೇಕು. ಮೊಬೈಲ್ ಬಂತೆಂದು ಕ್ಯಾಲೆಂಡರನ್ನು ಬಿಡಬೇಕಾಗಿಲ್ಲ.

ಇನ್ನೊಂದು ಮಾತು. ಗಂಟೆ ಹೊಡೆಯಿತೆಂದು ಕಣ್ಣು ಮುಚ್ಚಿಕೊಂಡು ಕೆಲಸ ಮಾಡಬಾರದು. ಸಿಂಪಡಣೆಯ ದಿನ ಮಳೆ ಬರುವಂತಿದ್ದರೆ ಅದನ್ನು ಮುಂದೂಡುವುದು ರೈತನ ವಿವೇಕ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಹವಾಮಾನದ ಮುನ್ಸೂಚನೆ ಮತ್ತು ಬೇಸಾಯದ ಸಲಹೆ ಸಿಗುತ್ತದೆ. ಅದನ್ನು ನೋಡಿ ಪಟ್ಟಿಯ ತಾರೀಖನ್ನು ತಿದ್ದಿಕೊಳ್ಳಬೇಕು. ಸಂದೇಹವಿದ್ದರೆ ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಪಟ್ಟಿ ನೆನಪಿಸುತ್ತದೆ, ತೀರ್ಮಾನ ನಮ್ಮದೇ.

ಹದಿನೈದು ದಿನ ಪರೀಕ್ಷಿಸಿ ನೋಡಿ

ಯಾವುದನ್ನಾದರೂ ಒಂದೇ ಆ್ಯಪ್ ಆರಿಸಿ, ಹದಿನೈದು ದಿನ ಬಳಸಿ ನೋಡಿ. ಮೊದಲ ದಿನವೇ ಐವತ್ತು ಕೆಲಸ ತುಂಬಬೇಡಿ. ಹತ್ತೇ ಕೆಲಸ ಸಾಕು. ಹದಿನೈದು ದಿನವಾದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಹತ್ತರಲ್ಲಿ ಎಷ್ಟು ಕೆಲಸ ಹೇಳಿದ ದಿನಕ್ಕೆ ಆಯಿತು? ಮನೆಯವರಲ್ಲಿ ಎಷ್ಟು ಜನ ತಾವಾಗಿ ಪಟ್ಟಿ ತೆರೆದು ನೋಡಿದರು? ಬರೆಯಲು ಬೇಸರವಾಯಿತೇ? ಉತ್ತರ ಸಮಾಧಾನಕರವಾಗಿದ್ದರೆ ಅದನ್ನೇ ಮುಂದುವರಿಸಿ. ಇಲ್ಲವಾದರೆ ಇನ್ನೊಂದನ್ನು ನೋಡಿ. ವಾರಕ್ಕೊಂದು ಆ್ಯಪ್ ಬದಲಿಸುವುದು ಮಾತ್ರ ಬೇಡ. ಪಟ್ಟಿಗಳು ಹಂಚಿಹೋಗಿ ಮೊದಲಿಗಿಂತ ಗೊಂದಲ ಹೆಚ್ಚಾಗುತ್ತದೆ.

ಭಾನುವಾರ ಸಂಜೆ ಕಾಲು ಗಂಟೆ ಇದಕ್ಕೆಂದು ಮೀಸಲಿಡಿ. ಮುಗಿದದ್ದನ್ನು ಅಳಿಸಿ, ಉಳಿದದ್ದಕ್ಕೆ ಹೊಸ ತಾರೀಖು ಹಾಕಿ, ಬರುವ ವಾರದ ಕೆಲಸ ಸೇರಿಸಿ. ಮೊಬೈಲ್ ಬಳಕೆ ತಿಳಿಯದವರು ಊರಿನ ಕಾಲೇಜು ಹುಡುಗ ಹುಡುಗಿಯರ ನೆರವು ಪಡೆಯಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಬರುವ ಓದುಗರು ಒಬ್ಬರಿಗೊಬ್ಬರು ಹೇಳಿಕೊಟ್ಟರೆ ಇನ್ನೂ ಒಳ್ಳೆಯದು.

ಒಟ್ಟಿನಲ್ಲಿ ಹೇಳುವುದಾದರೆ, ಒಬ್ಬರ ಕೆಲಸಕ್ಕೆ ಸರಿಯಾಗಿ ಗಂಟೆ ಹೊಡೆಯುವ ಆ್ಯಪ್ ಸಾಕು. ಮನೆಯ ಕೆಲಸಕ್ಕೆ ಎಲ್ಲರಿಗೂ ಕಾಣುವ ಪಟ್ಟಿ ಬೇಕು. ಸಂಘದ ಕೆಲಸಕ್ಕೆ ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು ಇರಲೇಬೇಕು. ಇಷ್ಟನ್ನು ಪೂರೈಸುವ ಆ್ಯಪ್ ಯಾವುದಾದರೂ ಆಗಬಹುದು. ಈ ವಾರ ಬಿತ್ತನೆಯದೋ ಹಸುವಿನದೋ ಸಾಲದ ಗಡುವಿನದೋ ಒಂದು ತಾರೀಖನ್ನು ಬರೆದು ಶುರುಮಾಡುವುದು ಜಾಣತನ.